ಸಾಕು ಅನ್ನುವ ತನಕ

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದರ ಕೂದಲನ್ನು ಮೂರು ಪಾಲು ಮಾಡಿ ಶ್ರೀಲಕ್ಷ್ಮಿ ಬೆರಳುಗಳ ನಡುವೆ ಹಿಡಿದಿದ್ದಳು. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಶಾಲೆಗೆ ಹೊರಡುವ ಹೊತ್ತಿನಲ್ಲಿ ಯಾರಪ್ಪಾ ಇದು ಎಂದುಕೊಂಡು, ಹಿಡಿದಿದ್ದ ಕೂದಲನ್ನು ಮಗಳ ಕೈಗೇ ಕೊಟ್ಟಳು.

"ಬಿಡ್ಬೇಡ, ಹಾಗೇ ಹಿಡ್ಕೊಂಡಿರು. ಬಿಟ್ರೆ ಮತ್ತೆ ಮೊದ್ಲಿಂದ ಬಾಚ್ಬೇಕಾಗತ್ತೆ."

"ಓಕೆ, ಓಕೆ. ಬಟ್ ಬಿ ಕ್ವಿಕ್, ಅಮ್ಮ," ಎಂದಳು ಗಾನವಿ. ಒಂಬತ್ತು ವರ್ಷದ ಹುಡುಗಿ. ಕನ್ನಡ ಎಲ್ಲ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು.

ಬಾಗಿಲಲ್ಲಿ ಕ್ರೇಗ್ ನಿಂತಿದ್ದ. ಅವಳ ಗಂಡ ಮಿಥುನನ ಬ್ಯಾಂಡಿನಲ್ಲಿ ಹಾಡುವವನು. ವಾರದ ದಿನಗಳಲ್ಲಿ ಮನೆಗಳ ಸೂರಿಗೆ ಹೆಂಚು ಹೊದಿಸುವುದು ಅವನ ಕೆಲಸ. ಮಿಥುನ್ ತೀರಿಕೊಂಡ ಮೇಲೆ ಅವನು ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಶೆಫೀಲ್ಡಿನ ಏರುಬೀದಿ ಹತ್ತಿ ಬಂದ ಏದುಸಿರೋ, ಸಂಕೋಚವೋ, ಟೋಪಿಯನ್ನು ಕೈಯಲ್ಲಿ ಹಿಸುಕುತ್ತಿದ್ದ.

"ಕೂರಲ್ಲ, ಲವ್. ಕೆಲಸಕ್ಕೆ ಹೊರಟಿದ್ದೆ," ಎಂದ. ಕ್ರೇಗ್ ಬಸ್ ಡ್ರೈವರನ್ನೂ ಲವ್ ಎಂದೇ ಕರೆಯುತ್ತಾನೆ. ಮೊದಮೊದಲು ಶ್ರೀಲಕ್ಷ್ಮಿಗೆ ಅದು ಮುಜುಗರವಾಗಿ, ಮಿಥುನ್ ಬಿದ್ದೂ ಬಿದ್ದೂ ನಕ್ಕಿದ್ದ.

ಒಳಗೆ ಕರೆದಳು. ಅಡುಗೆಮನೆಯ ಸ್ಟೂಲಿನ ಮೇಲೆ ಅರ್ಧ ಜಡೆ ಹಿಡಿದು ಕೂತ ಗಾನವಿಯ ತಲೆ ಸವರಿ, ಕ್ರೇಗ್ ಒಂದೇ ಉಸಿರಿಗೆ ಬಂದ ವಿಷಯ ಹೇಳಿದ. ಮಿಥುನನ ಮೇಲೆ ಒಂದು ಹಾಡು ಕಟ್ಟಿದ್ದಾರೆ. ಬರುವ ಶನಿವಾರ ಮಧ್ಯಾಹ್ನ ಲೀಡ್ಸಿನ ರೆಕಾರ್ಡ್ ಅಂಗಡಿಯೊಂದರಲ್ಲಿ ಅದನ್ನು ಮೊದಲ ಸಲ ಜನರೆದುರು ಹಾಡಬೇಕು ಎಂದಿದ್ದಾರೆ. ಅದಕ್ಕೂ ಮೊದಲು ಅವಳು ಕೇಳಬೇಕು.

"ನೀನು ಬೇಡ ಅಂದರೆ ಬೇಡ. ಕಸದಬುಟ್ಟಿಗೆ ಹೋಗತ್ತೆ. ಯಾರೂ ಒಂದು ಮಾತೂ ಆಡಲ್ಲ." ಫೋನನ್ನು ಮೇಜಿನ ಮೇಲೆ, ಟೋಸ್ಟಿನ ತಟ್ಟೆಯ ಪಕ್ಕ ಇಟ್ಟ. "ಇದರಲ್ಲಿರೋ ಗಿಟಾರು ಅವನದೇ. ರಿಹರ್ಸಲ್ಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ವಿ."

ಹಾಡು ಶುರುವಾಯಿತು. ಶುರುವಾದದ್ದೇ ಮಿಥುನನ ಗಿಟಾರಿನಿಂದ: ಕಬ್ಬಿಣದ ಶಟರನ್ನು ಎಳೆದಂತೆ, ದೊಡ್ಡ ಮಳೆ ತಗಡಿನ ಮೇಲೆ ಬಿದ್ದಂತೆ. ಶ್ರೀಲಕ್ಷ್ಮಿ ಈ ಸದ್ದನ್ನು ಎಷ್ಟು ಬೈದಿದ್ದಳು! "ರೀ, ಮಿಕ್ಸಿ ಹಾಕಿದ್ರೂ ಇದಕ್ಕಿಂತ ಇಂಪಾಗಿರತ್ತೆ," ಎಂದು ಕೆಳಗಿನಿಂದ ಕೂಗಿದರೆ, "ಮಿಕ್ಸೀಲಿ ಕಥೆ ಇರಲ್ಲ ಕಣೇ," ಎಂದು ಮೇಲಿನಿಂದ ಉತ್ತರ ಬರುತ್ತಿತ್ತು.

ಸದ್ದಿನ ಅಡಿಯಲ್ಲೆಲ್ಲೋ ಕ್ರೇಗನ ದನಿ ಗೊಣಗುತ್ತಿತ್ತು. ಎದುರು ನಿಂತು ಮಾತಾಡಿದರೇ ಅವನ ಬಾರ್ನ್ಸ್ಲಿ ಊರಿನ ಇಂಗ್ಲಿಷು ಅವಳಿಗೆ ಮುಕ್ಕಾಲು ಪಾಲು ಹತ್ತುತ್ತಿರಲಿಲ್ಲ. ಇನ್ನು ಆ ಗದ್ದಲದ ಕೆಳಗೆ ಹಾಡಿದರೆ? ಒಂದೇ ಒಂದು ಪದ ಕೈಗೆ ಸಿಕ್ಕಿತು. ಸಾಕು. ಹಾಡಿನ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಕ್ರೇಗನ ಬಾಯಲ್ಲಿ 'ಸಾಕೂ' ಎಂದು ಉದ್ದವಾಗಿ. ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣೂ ತುಂಬಿತು.

"ಹೇಗಿದೆ?" ಎಂದ ಕ್ರೇಗ್. "ಆದದ್ದನ್ನ ಆದ ಹಾಗೇ ಹೇಳಿದೀವಿ, ಲವ್. ನಮ್ಮ ಪದ್ಧತಿ ನಿನಗೆ ಗೊತ್ತಲ್ಲ."

ಇನ್ನೊಮ್ಮೆ ಹಾಕು, ಏನೂ ತಿಳಿಯಲಿಲ್ಲ ಎನ್ನಬಹುದಿತ್ತು. ಆದರೆ ಈ ದೇಶಕ್ಕೆ ಬಂದ ಹೊಸದರಿಂದ ಅವಳಿಗೊಂದು ಅಭ್ಯಾಸ. ಆಫೀಸಿನ ಮೀಟಿಂಗಿನಲ್ಲಿ ಯಾರ ಮಾತು ತಿಳಿಯದಿದ್ದರೂ ಮೊದಲು ತಲೆ ಆಡಿಸಿಬಿಡುವುದು, ಆಮೇಲೆ ಈಮೇಲ್ ಬಂದಾಗ ಓದಿ ಅರ್ಥ ಮಾಡಿಕೊಳ್ಳುವುದು. ಗಂಡನನ್ನು ಹಾಡಿ ಹೊಗಳಿ, ಬೆಳಿಗ್ಗೆ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತವನಿಗೆ ನಿನ್ನ ಇಂಗ್ಲಿಷು ತಿಳಿಯಲಿಲ್ಲ ಎನ್ನುವುದು ಹೇಗೆ?

ತಲೆ ಆಡಿಸಿದಳು. "ಚೆನ್ನಾಗಿದೆ ಕ್ರೇಗ್. ಹಾಡಿ. ನಾವೂ ಬರ್ತೀವಿ."

ಕ್ರೇಗ್ ಕಣ್ಣೊರೆಸಿಕೊಂಡು ಹೊರಟುಹೋದ. ಅವಳು ಬಾಗಿಲು ಹಾಕಿ ಬಂದಾಗ ಗಾನವಿ ಸ್ಟೂಲಿನ ಮೇಲೆ ಹಾಗೇ ಕೂತಿದ್ದಳು. ಕೂದಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗೆಣ್ಣುಗಳು ಬಿಳಿಚಿದ್ದವು.

"ಬಿಡು ಪುಟ್ಟಾ, ಈಗ ಬಿಡು," ಎಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಜಡೆ ಮುಗಿಸಿದಳು. ಹುಡುಗಿ ಎಳೀತಿದೆ ಎಂದು ಒಮ್ಮೆಯೂ ಗೊಣಗಲಿಲ್ಲ.

ಟಿನ್ ಪ್ಯಾಡಕ್ ಎಂಬುದು ಆ ಬ್ಯಾಂಡಿನ ಹೆಸರು. ಹಾಡುಗಳು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಧಾಟಿಯವು. ಪ್ರತಿ ಹಾಡಿನಲ್ಲೂ ಒಬ್ಬ ಮನುಷ್ಯ, ಒಂದು ಊರು, ಆದದ್ದೊಂದು ಘಟನೆ. ಗಣಿ ಮುಚ್ಚಿದ ಮೇಲೆ ದಿನವೂ ಊಟದ ಡಬ್ಬಿ ಕಟ್ಟಿಸಿಕೊಂಡು ಬಾಗಿಲು ಹಾಕಿದ ಗೇಟಿನವರೆಗೆ ನಡೆದು ಬರುತ್ತಿದ್ದ ಕ್ರೇಗನ ಅಜ್ಜ. ನಾಯಿ ಸತ್ತ ಸುದ್ದಿಯನ್ನು ಹೆಂಡತಿಗೆ ಹೇಳಲಾಗದೆ ಊರು ಸುತ್ತುವ ಲಾರಿ ಡ್ರೈವರು. ಕಥೆಯಲ್ಲಿ ಸುಳ್ಳು ಬೆರೆಸಬಾರದು ಎಂಬುದು ಕ್ರೇಗನ ಹಟ. ಆ ಕಥೆಗಳ ಮೇಲೆ ಗಿಟಾರಿನ ಗದ್ದಲ ಸುರಿಯುವವನು ಮಿಥುನ್. ಹಗಲೆಲ್ಲ ಗೇರ್‌ಬಾಕ್ಸ್ ಡಿಸೈನ್ ಮಾಡುವ ಮೈಸೂರಿನ ಇಂಜಿನಿಯರು.

"ಅಷ್ಟೊಂದು ಸದ್ದು ಯಾಕ್ರೀ? ಕಥೆ ಕೇಳೋದೇ ಇಲ್ವಲ್ಲ," ಎಂದು ಒಮ್ಮೆ ಕೇಳಿದ್ದಳು.

"ಕಥೆ ತಡ್ಕೊಳೋಕೆ ಆಗ್ದೇ ಇರೋ ಜಾಗ ಬರತ್ತಲ್ಲ, ಅಲ್ಲಿ ನಾನು ಗದ್ದಲ ಹಾಕ್ತೀನಿ," ಎಂದಿದ್ದ. "ಇಲ್ದಿದ್ರೆ ಕೇಳೋರ ಗತಿ ಏನು?"

ಸಾಕು ಎಂಬ ಪದ ಬ್ಯಾಂಡಿಗೆ ಹೋದದ್ದು ಈ ಮನೆಯ ಊಟದ ಮೇಜಿನಿಂದಲೇ. ಕ್ರೇಗ್ ಮೊದಲ ಸಲ ಊಟಕ್ಕೆ ಬಂದಾಗ ಶ್ರೀಲಕ್ಷ್ಮಿ ಬಿಸಿಬೇಳೆಬಾತ್ ಮಾಡಿದ್ದಳು. ತಟ್ಟೆ ಖಾಲಿಯಾದಂತೆ ಬಡಿಸಿದಳು. ಪಾಪ, ಬಡಿಸಿದ್ದನ್ನು ಬಿಡಬಾರದೆಂದು ಅವನು ತಿಂದ. ಖಾಲಿಯಾಯಿತಲ್ಲ ಎಂದು ಇವಳು ಮತ್ತೆ ಬಡಿಸಿದಳು. ಮುಖ ಬೀಟ್‌ರೂಟಿನ ಹಾಗಾಗಿ, ಅವನು ಮೇಜನ್ನು ಹಿಡಿದುಕೊಂಡು ಮಿಥುನನ ಕಡೆ ನೋಡಿದ.

"ಇವಳು ನನ್ನ ಕೊಲ್ತಾಳಾ?"

"ನಮ್ಮಲ್ಲಿ ಸಾಕು ಅನ್ನೋ ತನಕ ಸೌಟು ನಿಲ್ಲಲ್ಲ ಮಾರಾಯಾ," ಎಂದು ಮಿಥುನ್ ಹೊಟ್ಟೆ ಹಿಡಿದು ನಕ್ಕಿದ್ದ. "ಹೇಳು, ಸಾಕು!"

"ಸಾಕೂ!" ಎಂದು ಕ್ರೇಗ್ ಕಿರುಚಿದ್ದ. ಪುಟ್ಟ ಗಾನವಿ ಕುರ್ಚಿಯ ಮೇಲೆ ಕುಣಿದು, "ಅಗೇನ್! ಸೇ ಇಟ್ ಅಗೇನ್!" ಎಂದಿದ್ದಳು. ಅಂದಿನಿಂದ ರಿಹರ್ಸಲ್ಲಿನಲ್ಲಿ ಹಾಡು ನಿಲ್ಲಿಸಬೇಕಾದರೆ ಬ್ಯಾಂಡಿನ ನಾಲ್ವರೂ ಕೈ ಎತ್ತಿ ಸಾಕು ಎನ್ನುತ್ತಿದ್ದರು.

ಕಳೆದ ವರ್ಷವಿಡೀ ಮಿಥುನ್ ಮನಸ್ಸಿನೊಳಗೇ ಬತ್ತುತ್ತಾ ಬಂದ. ಡಾಕ್ಟರ ಹತ್ತಿರ ಹೋದ, ಮಾತ್ರೆ ತಂದ, ಕೇಳಿದವರಿಗೆಲ್ಲ ಆರಾಮಾಗಿದೀನಿ ಎಂದ. ರಿಹರ್ಸಲ್ಲನ್ನು ಮಾತ್ರ ತಪ್ಪಿಸಲಿಲ್ಲ. ಹಾಗಾಗಿ ಶ್ರೀಲಕ್ಷ್ಮಿ ಧೈರ್ಯವಾಗಿದ್ದಳು. ಜನವರಿಯ ಒಂದು ದಿನ ಆಫೀಸಿಗೆಂದು ಹೊರಟವನು ಊರಾಚೆಯ ಜಲಾಶಯದ ಕಡೆ ಹೋದ. ವಾಪಸ್ಸು ಬರಲಿಲ್ಲ. ಕಾರನ್ನು ಹುಡುಕಿ ಪತ್ತೆ ಮಾಡಿದವನು ಕ್ರೇಗ್.

ಅದು ಆಕಸ್ಮಿಕವಲ್ಲ ಎಂದು ವಿಚಾರಣೆ ಮಾಡಿದವರು ಹೇಳಿದರು. ಶ್ರೀಲಕ್ಷ್ಮಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಅದಕ್ಕೂ ಎಷ್ಟೋ ಮೊದಲು, ಪೊಲೀಸರು ಬಂದು ಹೋದ ಆ ಸಂಜೆಯೇ, ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು: ಅಪ್ಪ ವಾಕಿಂಗ್ ಹೋಗಿದ್ರು ಪುಟ್ಟಾ, ಐಸ್ ಮೇಲೆ ಕಾಲು ಜಾರ್ತು. ಮೈಸೂರಿನ ಮನೆಯವರಿಗೂ ಅದನ್ನೇ ಹೇಳಿದಳು. ದೊಡ್ಡವಳಾದ ಮೇಲೆ, ಕೇಳಿ ತಡೆದುಕೊಳ್ಳುವ ವಯಸ್ಸು ಬಂದ ಮೇಲೆ, ತಾನೇ ಕೂರಿಸಿಕೊಂಡು ಹೇಳಿದರಾಯಿತು. ಅಲ್ಲಿಯ ತನಕ ಆ ಮಾತು ಮಗಳ ಕಿವಿಗೆ ಬೀಳಬಾರದು. ಅವಳು ಕಾಪಾಡಿಕೊಂಡು ಬಂದದ್ದು ಇದೊಂದನ್ನೇ.

ಕ್ರೇಗನಿಗೆ ಈ ಐಸಿನ ಕಥೆ ಗೊತ್ತಿರಲಿಲ್ಲ. ಅವನಿಗೂ ಹೇಳಿಡಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಕ್ರೇಗ್ ಬಂದುಹೋದ ದಿನ ಸಂಜೆ ಅನ್ನಕ್ಕೆ ಸಾರು ಬಡಿಸುತ್ತಿದ್ದಳು. ಕಣ್ಣು ಒಲೆಯ ಕಡೆ ಇತ್ತು. ಕಿವಿ ಮಾತ್ರ ಮಗಳ ಸಾಕು ಎಂಬ ಮಾತಿಗೆ ಕಾದಿತ್ತು. ಬರಲಿಲ್ಲ. ತಿರುಗಿ ನೋಡಿದರೆ ಸಾರು ತಟ್ಟೆಯ ಅಂಚು ಮೀರಿ ಮೇಜಿನ ಮೇಲೆ ಹರಿಯುತ್ತಿದೆ. ಗಾನವಿ ಅದನ್ನೇ ನೋಡುತ್ತ ಕೂತಿದ್ದಾಳೆ.

"ಅಯ್ಯೋ, ಬಾಯಲ್ಲಿ ಏನಿಟ್ಕೊಂಡಿದೀಯೇ? ಸಾಕು ಅನ್ಬಾರ್ದಾ?"

"ಸಾರಿ," ಎಂದಳು ಗಾನವಿ. ಬಟ್ಟೆ ತಂದು ಮೇಜು ಒರೆಸಿದಳು.

ಮಾರನೆಯ ದಿನವೂ ಅಷ್ಟೇ. ಸೌಟು ಎತ್ತಿದರೆ ಅಂಗೈ ಅಡ್ಡ ಹಿಡಿಯುತ್ತಾಳೆ, ಇಲ್ಲವೇ ತಟ್ಟೆಯನ್ನು ಸರಕ್ಕನೆ ಎಳೆದುಕೊಳ್ಳುತ್ತಾಳೆ. ಆ ಒಂದು ಪದವನ್ನು ಮಾತ್ರ ಆಡುವುದಿಲ್ಲ. ಶಾಲೆಯಲ್ಲಿ ಯಾರೋ ಅಣಕಿಸಿರಬೇಕು ಎಂದುಕೊಂಡಳು ಶ್ರೀಲಕ್ಷ್ಮಿ. ಈ ವಯಸ್ಸಿನಲ್ಲಿ ಮಕ್ಕಳಿಗೆ ಮನೆಯ ಭಾಷೆ ನಾಚಿಕೆ ತರುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ.

ಗುರುವಾರ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು. ಕಾಲುಚೀಲಗಳ ಜೋಡಿ ಹುಡುಕುತ್ತ, ತಲೆ ಎತ್ತದೆ, ಸಾಕು ಒಳ್ಳೆಯ ಪದವೋ ಕೆಟ್ಟ ಪದವೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಶ್ರೀಲಕ್ಷ್ಮಿಗೆ ಖುಷಿಯೇ ಆಯಿತು. ಮಗಳು ಕನ್ನಡದ ಬಗ್ಗೆ ಕೇಳುತ್ತಿದ್ದಾಳೆ! "ಎರಡೂ ಹೌದು ಪುಟ್ಟಾ. ಹೊಟ್ಟೆ ತುಂಬ್ದಾಗ ಹೇಳಿದ್ರೆ ಒಳ್ಳೇದು, ಬೇಜಾರಾಗಿ ಹೇಳಿದ್ರೆ ಕೆಟ್ಟದ್ದು. ನೀನು ನನ್ನ ತುಂಬ ಗೋಳು ಹುಯ್ಕೊಂಡಾಗ ನಾನು, ಅಬ್ಬಾ ಸಾಕಾಯ್ತಪ್ಪಾ ನಿನ್ನ ಕಟ್ಕೊಂಡು ಅಂತೀನಲ್ಲ, ಹಾಗೆ."

ಗಾನವಿ ಒಂದು ಕಾಲುಚೀಲವನ್ನು ಇನ್ನೊಂದರೊಳಗೆ ತುರುಕಿ ಉಂಡೆ ಮಾಡಿದಳು. ಮತ್ತೆ ಬಿಚ್ಚಿದಳು.

"ಅಮ್ಮ, ವಾಸ್ ದೇರ್ ಐಸ್ ದಟ್ ಡೇ?"

ಕೈಯಲ್ಲಿದ್ದ ಅಂಗಿ ಅಲ್ಲೇ ನಿಂತಿತು. "ಯಾವತ್ತು?"

"ದಟ್ ಡೇ."

"ಇತ್ತು. ತುಂಬ ಇತ್ತು. ಯಾಕೆ?"

"ನಥಿಂಗ್." ಕಾಲುಚೀಲ ಕೆಳಗಿಟ್ಟು, ಅವತ್ತು ಶಾಲೆಯಲ್ಲಿ ತಾವು ಹೊರಗೆ ಆಡಿದ್ದು ತನಗೆ ನೆನಪಿದೆ, ಮಳೆ ಬಂದು ಒಳಗೆ ಓಡಿದೆವು ಎಂದಳು. ಎದ್ದು ಹೋದಳು.

ಶ್ರೀಲಕ್ಷ್ಮಿ ಆ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಬೆಟ್ಟದ ಮೇಲೆ ಐಸ್ ಇರಬಹುದು, ಊರಲ್ಲಿ ಮಳೆ ಇರಬಹುದು, ಹಾಗೆ ಹೇಳಬಹುದಿತ್ತು ಎಂದು ಆಮೇಲೆ ಹೊಳೆಯಿತು. ಆದರೆ ಕೇಳದೇ ಇದ್ದದ್ದಕ್ಕೆ ತಾನೇ ಮೇಲೆ ಬಿದ್ದು ಉತ್ತರ ಕೊಟ್ಟರೆ ಅನುಮಾನ ಹೆಚ್ಚಾದೀತೆಂದು ಸುಮ್ಮನಾದಳು.

ಶನಿವಾರ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿ, ಅಮ್ಮ ಮಗಳು ಲೀಡ್ಸಿನ ರೈಲು ಹತ್ತಿದರು. ರೆಕಾರ್ಡ್ ಅಂಗಡಿ ನಿಲ್ದಾಣದಿಂದ ದೂರವಿರಲಿಲ್ಲ. ಡಬ್ಬಗಳಲ್ಲಿ ಸಾಲಾಗಿ ಜೋಡಿಸಿದ ರೆಕಾರ್ಡುಗಳ ನಡುವೆ ಒಂದಷ್ಟು ಜನ ಕೋಟು ಬಿಚ್ಚದೆ ನಿಂತಿದ್ದರು. ಕ್ರೇಗ್ ಇವರನ್ನು ಕಂಡವನೇ ಬಂದು ಮುಂದಿನ ಸಾಲಿನಲ್ಲಿ ಜಾಗ ಮಾಡಿಸಿದ. ಅಂಗಡಿಯ ಗೋಡೆಗೆ ಒರಗಿಸಿದ್ದ ಗಿಟಾರನ್ನು ನೋಡಿ ಶ್ರೀಲಕ್ಷ್ಮಿಯ ಕಾಲು ನಿಂತುಹೋಯಿತು. ಮಿಥುನನದು. ಅವಳೇ ಬ್ಯಾಂಡಿಗೆ ಕೊಟ್ಟಿದ್ದಳು. ಅದಕ್ಕೆ ಸ್ಪೀಕರಿನ ವೈರು ಚುಚ್ಚಿರಲಿಲ್ಲ. ಯಾರೂ ಅದನ್ನು ಎತ್ತಿಕೊಳ್ಳಲೂ ಇಲ್ಲ.

"ಅವನ ಜಾಗಕ್ಕೆ ಬೇರೆಯವರನ್ನ ತಗೊಂಡಿಲ್ಲ," ಎಂದು ಕ್ರೇಗ್ ಮೈಕಿನಲ್ಲಿ ಹೇಳಿದ. "ಅವನು ಬಾರಿಸ್ತಿದ್ದ ಕಡೆ ಏನೂ ಇರಲ್ಲ. ಬರೀ ಹಾಡು."

ಆ ಮಾತು ಅವಳಿಗೆ ಪೂರ್ತಿ ತಿಳಿಯಿತು. ಅದರಿಂದ ಏನಾಗಲಿದೆ ಎಂಬುದು ಹೊಳೆಯುವ ಮೊದಲೇ ಹಾಡು ಶುರುವಾಗಿಬಿಟ್ಟಿತ್ತು.

ಗದ್ದಲವಿಲ್ಲದ ಹಾಡು. ಒಂದು ಸಣ್ಣ ಮರದ ಗಿಟಾರು, ಅದರ ಮೇಲೆ ಕ್ರೇಗನ ಒಡಕು ದನಿ. ಕಥೆ ಹೇಳುವಂತೆ, ಸಾಕ್ಷಿ ಹೇಳುವಂತೆ ಒಂದೊಂದೇ ಪದವನ್ನು ನಿಧಾನವಾಗಿ ಇಡುತ್ತಿದ್ದ. ಒಂದೂ ತಪ್ಪಿಹೋಗುವಂತಿರಲಿಲ್ಲ. ಇಷ್ಟು ವರ್ಷ ತಿಳಿಯದೇ ಇದ್ದ ಆ ಇಂಗ್ಲಿಷು ಅವತ್ತು ಗಾಜಿನಷ್ಟು ಸ್ಪಷ್ಟವಾಗಿತ್ತು.

ಕೆಲಸದ ಮಧ್ಯೆ, ಸೂರಿನ ಮೇಲಿದ್ದಾಗ, ನನಗೆ ಫೋನ್ ಬಂತು ಎಂದು ಹಾಡು ಹೇಳಿತು. ಸಣ್ಣ ಮಳೆ. ಗೆಳೆಯ ಒಂದೇ ಪದ ಅಂದ, ಸಾಕು ಕ್ರೇಗ್, ಅಂದ. ನಿನ್ನೆ ರಿಹರ್ಸಲ್ ಮಾಡಿದ ಹಾಡಿಗೆ ಹೇಳುತ್ತಿದ್ದಾನೆ ಅಂದುಕೊಂಡೆ. ಸರಿ ಹಾಗಾದರೆ, ಸಾಕು, ಗುರುವಾರ ಸಿಗೋಣ ಅಂದು ಹೆಂಚು ಎತ್ತಿಕೊಂಡೆ.

ಶ್ರೀಲಕ್ಷ್ಮಿಗೆ ಆ ಫೋನಿನ ವಿಷಯ ಗೊತ್ತೇ ಇರಲಿಲ್ಲ.

ನೀರಿನ ಪಕ್ಕ ಅವನ ಕಾರು ಸಿಕ್ಕಿತು ಎಂದಿತು ಹಾಡು. ಬೀಗದಕೈ ಒಳಗೇ ಇತ್ತು, ಮಗಳ ಕೂದಲಿನ ಕ್ಲಿಪ್ಪಿನ ಪಕ್ಕ. ಅವನ ಹೆಜ್ಜೆ ತಪ್ಪಿರಲಿಲ್ಲ. ಅದು ಗೊತ್ತಿದ್ದೇ ಇಟ್ಟ ಹೆಜ್ಜೆ.

ಅವಳು ಬಗ್ಗಿ ಎರಡೂ ಅಂಗೈಗಳಿಂದ ಮಗಳ ಕಿವಿ ಮುಚ್ಚಿದಳು. ಗಾನವಿ ಕೊಸರಾಡಲಿಲ್ಲ. ಅಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಗಳನ್ನು ಕೆಳಗಿಳಿಸಿ, ತನ್ನ ಹೆಗಲ ಮೇಲೆ ಇಟ್ಟುಕೊಂಡಳು. ಅವಳ ಕಣ್ಣು ಗೋಡೆಗೊರಗಿದ ಗಿಟಾರಿನ ಮೇಲಿತ್ತು. ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

ಕೊನೆಗೆ ಸಾಕೂ, ಸಾಕೂ ಎಂದು ಕ್ರೇಗ್ ಬರಿದಾದ ದನಿಯಲ್ಲಿ ಹಾಡುತ್ತಿದ್ದಾಗ ಹಿಂದೆ ನಿಂತ ಹುಡುಗನೊಬ್ಬ ಪಕ್ಕದವಳ ಕಿವಿಯಲ್ಲಿ, ಸಾಕು ಅಂದ್ರೆ ಯಾರು, ಅವನ ಹುಡುಗಿಯಾ ಎಂದು ಕೇಳಿದ.

ಚಪ್ಪಾಳೆ ಮುಗಿಯುವ ಮೊದಲೇ ಅವಳು ಮಗಳನ್ನು ಎಳೆದುಕೊಂಡು ಹೊರಬಿದ್ದಳು. ಕ್ರೇಗ್ ಹಿಂದೆಯೇ ಓಡಿ ಬಂದ. ಗಾನವಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಅವಳು ನಾಲ್ಕು ಹೆಜ್ಜೆ ಆಚೆ ಹೋದಳು.

"ಅವಳಿಗೆ ಗೊತ್ತಿರಲಿಲ್ಲ ಕ್ರೇಗ್. ಕಾಲು ಜಾರಿ ಬಿದ್ದರು ಅಂತ ಹೇಳಿದ್ದೆ."

ಕ್ರೇಗ್ ತಲೆಯ ಮೇಲಿನ ಟೋಪಿ ತೆಗೆದ. "ನಿನ್ನ ಕೇಳಿದೆನಲ್ಲ, ಲವ್. ತಲೆ ಆಡಿಸಿದೆ ನೀನು."

"ನನಗೆ ಒಂದು ಪದವೂ ತಿಳಿದಿರಲಿಲ್ಲ. ಅವರ ಗಿಟಾರ್ ಬಿಟ್ಟು ಏನೂ ಕೇಳಲಿಲ್ಲ."

ಕ್ರೇಗ್ ಕಿಟಕಿಯ ಹತ್ತಿರ ನಿಂತ ಹುಡುಗಿಯ ಕಡೆ ನೋಡಿದ. "ಆದರೆ ಅವಳು ಅವತ್ತು ಅಡುಗೆಮನೇಲೇ ಇದ್ದಳಲ್ಲ," ಎಂದ ಮೆಲ್ಲಗೆ. "ಅವಳು ಇಲ್ಲೇ ಹುಟ್ಟಿದವಳು. ಅವಳಿಗೆ ನನ್ನ ಮಾತು ತಿಳಿಯತ್ತೆ."

ಬಿಗಿಹಿಡಿದ ಕೂದಲು, ಬಿಳಿಚಿದ ಗೆಣ್ಣುಗಳು, ಮೇಜಿನ ಮೇಲೆ ಹರಿದ ಸಾರು, ಎಲ್ಲವೂ ಒಟ್ಟಿಗೆ ಅವಳ ಕಣ್ಣಮುಂದೆ ಬಂದವು. ಒಂದು ವಾರ. ಒಂದು ವಾರ ಪೂರ್ತಿ ಈ ಕೂಸು ಅದನ್ನು ಒಬ್ಬಳೇ ಹೊತ್ತುಕೊಂಡು ಶಾಲೆಗೆ ಹೋಗಿ ಬಂದಿದೆ. ನಾನು ಪಕ್ಕದಲ್ಲೇ ಕೂತು ಬಟ್ಟೆ ಮಡಚಿದ್ದೇನೆ.

"ಏನು ಸಾಕು ಅಂತ ನಾನು ಫೋನಲ್ಲೇ ಅವನನ್ನ ಕೇಳಬೇಕಿತ್ತು," ಎಂದ ಕ್ರೇಗ್. ಅವಳು ಹೋಗಿ ಮಗಳ ಕೈ ಹಿಡಿದುಕೊಂಡು ನಿಲ್ದಾಣದ ಕಡೆ ನಡೆದಳು.

ನಿಲ್ದಾಣದಲ್ಲಿ ಶೆಫೀಲ್ಡಿನ ರೈಲು ತಡವೆಂದು ಬೋರ್ಡು ತೋರಿಸುತ್ತಿತ್ತು. ಕಬ್ಬಿಣದ ಬೆಂಚು ತಣ್ಣಗೆ ಕೊರೆಯುತ್ತಿತ್ತು. ಏನು ಹೇಳಬೇಕು, ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ, ಕೈಗೆ ಗೊತ್ತಿದ್ದ ಕೆಲಸವನ್ನು ಕೈ ಮಾಡಿತು. ಡಬ್ಬಿ ತೆಗೆದಳು. ಮುಚ್ಚಳವನ್ನು ತಟ್ಟೆ ಮಾಡಿ ಮಗಳ ತೊಡೆಯ ಮೇಲಿಟ್ಟು ಚಿತ್ರಾನ್ನ ಬಡಿಸಿದಳು. ಒಂದು ಚಮಚ, ಇನ್ನೊಂದು. ಕಡಲೆಬೀಜ ಆರಿಸಿ ಹಾಕಿದಳು, ಅವಳಿಗೆ ಇಷ್ಟ. ಕಣ್ಣು ಮಂಜಾಗಿತ್ತು, ಚಮಚ ನಿಲ್ಲಲಿಲ್ಲ. ಅನ್ನ ಮುಚ್ಚಳದ ಅಂಚಿಗೆ ಬಂತು.

"ಸಾಕಾ ಪುಟ್ಟಾ?" ಎಂದು ಅಭ್ಯಾಸದಂತೆ ಕೇಳಿಬಿಟ್ಟಳು.

ಗಾನವಿ ಅನ್ನವನ್ನು ನೋಡಿದಳು. ಎದುರಿನ ಪ್ಲಾಟ್‌ಫಾರ್ಮಿನಿಂದ ಒಂದು ರೈಲು ಕೂಗುತ್ತಾ ಹೊರಟಿತು. ಆ ಸದ್ದು ಪೂರ್ತಿ ಅಡಗುವ ತನಕ ಅವಳು ಕಾದಳು. ಆಮೇಲೆ ತಲೆ ಎತ್ತಿದಳು. ಅಲ್ಲಿಯವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೇಳುತ್ತಿದ್ದ ಹುಡುಗಿ, ಒಂದೊಂದೇ ಪದವನ್ನು ಹುಡುಕಿ ಜೋಡಿಸಿ, ಕನ್ನಡದಲ್ಲಿ ಕೇಳಿದಳು:

"ಅಮ್ಮ, ಅಪ್ಪಂಗೆ ನಾನು ಸಾಕಾದ್ನಾ, ಇಲ್ಲಾ ಸಾಕಾಗ್ಲಿಲ್ವಾ?"